ಹಳೇ ಸಾಮಾನು ಮತ್ತೆ ಬಳಸಿ ನಿಜವಾಗ್ಲೂ ದುಡ್ಡು ಉಳಿಸಿದೋರು ಯಾರು? ಲೆಕ್ಕ ಸಮೇತ ಹೇಳಿ

ಕುವೆಂಪುನಗರ_ಗೃಹಿಣಿ
ಶನಿವಾರ ಬೆಳಗ್ಗೆ 10:12

ಎಲ್ರಿಗೂ ನಮಸ್ಕಾರ. ದಸರಾ ಗೊಂಬೆ ಇಳಿಸೋಣ ಅಂತ ಅಟ್ಟ ಹತ್ತಿದೆ. ಗೊಂಬೆ ಪೆಟ್ಟಿಗೆ ಕೈಗೆ ಸಿಗೋ ಹೊತ್ತಿಗೆ ಒಂದು ಗಂಟೆ ಕಳೀತು. ಅಡ್ಡ ಇದ್ದಿದ್ದು ಏನೇನು ಅಂದ್ರೆ, ಹಾರ್ಲಿಕ್ಸ್ ಬಾಟ್ಲಿ 23, ಐಸ್‌ಕ್ರೀಂ ಡಬ್ಬ 31, ಬಣ್ಣದ ಬಕೆಟ್ 5, ಬಾಗಿನದ ಮೊರ 14, ಮತ್ತೆ ಮದುವೆ ಮುಂಜಿ ಸೀಮಂತದಲ್ಲಿ ಬಂದ ರವಿಕೆ ಕಣ ಎರಡು ಸೂಟ್‌ಕೇಸ್ ತುಂಬ. ಎಲ್ಲಾನೂ "ಬೇಕಾಗುತ್ತೆ" ಅಂತ ನಾನೇ ಇಟ್ಟಿದ್ದು. 11 ವರ್ಷ ಆಯ್ತು ಈ ಮನೆಗೆ ಬಂದು.

ನಾನು ಮೂರು ತಿಂಗಳಿಂದ ಡೈರಿಯಲ್ಲಿ ಒಂದು ಲೆಕ್ಕ ಬರೀತಿದ್ದೀನಿ. ಹಳೇ ವಸ್ತು ಬಳಸಿದ್ದರಿಂದ ಅಂಗಡಿಯಲ್ಲಿ ಏನು ಕೊಳ್ಳೋದು ತಪ್ಪಿತು, ಅಷ್ಟು ಮಾತ್ರ. ಹಳೇ ಮಲ್ ಪಂಚೆ ಕತ್ತರಿಸಿ ಅಡುಗೆಮನೆ ಒರೆಸೋಕೆ ಇಟ್ಕೊಂಡೆ, ಟಿಶ್ಯೂ ರೋಲ್ ನಿಂತಿತು, ತಿಂಗಳಿಗೆ 120. ಕಸದ ಡಬ್ಬಕ್ಕೆ ಕವರ್ ಬದಲು ನ್ಯೂಸ್‌ಪೇಪರ್ ಮಡಿಸಿ ಹಾಕ್ತೀನಿ, 90. ಈರುಳ್ಳಿ ಬರೋ ಬಲೆ ಚೀಲ ಸುತ್ತಿ ಪಾತ್ರೆ ಉಜ್ಜೋಕೆ, ಹಳೇ ಟೀ ಶರ್ಟ್ ನೆಲ ಒರೆಸೋಕೆ, ಎರಡೂ ಸೇರಿ 60. ಒಟ್ಟು 270 ರೂಪಾಯಿ. ಅಷ್ಟೇ. ಆ 23 ಬಾಟ್ಲಿಯಿಂದ ಸೊನ್ನೆ, ಯಾಕಂದ್ರೆ ನಾನು ಯಾವತ್ತೂ ಬಾಟ್ಲಿ ದುಡ್ಡು ಕೊಟ್ಟು ತರ್ತಾನೇ ಇರಲಿಲ್ಲ.

ಹಾಗಾಗಿ ಕೇಳ್ತಿದ್ದೀನಿ, ನಿಮ್ಮ ಮನೇಲಿ ಯಾವುದು ನಿಜವಾಗ್ಲೂ ಖರ್ಚು ಇಳಿಸಿದೆ? ಬಾಟ್ಲಿಗೆ ಬಣ್ಣ ಬಳಿದು ಹೂದಾನಿ ಮಾಡೋ ಥರದ್ದು ಬೇಡ. ತಿಂಗಳ ಸಾಮಾನಿನ ಚೀಟಿಯಿಂದ ಒಂದು ಸಾಲು ಹೊಡೆದು ಹಾಕೋ ಥರದ್ದು ಹೇಳಿ.

ಮದ್ದೂರ್_ಹೈದ
10:20

ಬಣ್ಣದ ಬಕೆಟ್ಟು 5 ಅಂದ್ರಲ್ಲ, ಅದೇ ಚಿನ್ನ ಕಣಕ್ಕ. 20 ಲೀಟರ್ ಬಕೆಟ್ಟು, ಮುಚ್ಚಳ ಗಟ್ಟಿ. ನಮ್ಮನೇಲಿ ಅಕ್ಕಿ, ರಾಗಿ ಹಿಟ್ಟು ಎಲ್ಲ ಅದ್ರಲ್ಲೇ ಇರೋದು. ಇಲಿ ಮುಟ್ಟಕಾಗಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
10:31

ಮದ್ದೂರ್ ಹೈದ ಅವರೇ, ದಯವಿಟ್ಟು ಇವತ್ತೇ ಅಕ್ಕಿ ಹಿಟ್ಟು ಅದರಿಂದ ತೆಗೀರಿ. ಎಮಲ್ಷನ್ ಬಣ್ಣ ಡಬ್ಬದಲ್ಲಿ ಕೊಳೆಯದೇ ಇರಲಿ ಅಂತ ಬ್ಯಾಕ್ಟೀರಿಯಾ, ಬೂಷ್ಟು ಕೊಲ್ಲೋ ರಾಸಾಯನಿಕ ಹಾಕಿರ್ತಾರೆ. ಪ್ಲಾಸ್ಟಿಕ್ ಅದನ್ನ ಸ್ವಲ್ಪ ಹೀರಿಕೊಂಡಿರುತ್ತೆ, ಸೋಪಲ್ಲಿ ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ. ಬಕೆಟ್ ಕೂಡ ಆಹಾರಕ್ಕೆ ಅಂತ ಮಾಡಿದ ಪ್ಲಾಸ್ಟಿಕ್ ಅಲ್ಲ. ಆಹಾರದ ಡಬ್ಬದ ತಳದಲ್ಲಿ ಲೋಟ ಮತ್ತು ಫೋರ್ಕ್ ಚಿತ್ರ ಇರುತ್ತೆ, ಅದನ್ನ ನೋಡಿ ತಗೊಳ್ಳಿ.

ನೆಲ ಒರೆಸೋ ನೀರಿಗೆ, ಕಾರು ತೊಳೆಯೋಕೆ, ಗಿಡ ನೆಡೋಕೆ ಬಣ್ಣದ ಬಕೆಟ್ ಬೇಕಾದಷ್ಟು ಬಳಸಿ. ಅಂಗಡಿ ಬಕೆಟ್‌ಗಿಂತ ಗಟ್ಟಿ.

ಮದ್ದೂರ್_ಹೈದ
10:36

ನಾಕು ವರ್ಷದಿಂದ ತಿಂತಾ ಇದೀವಿ ಸಾ, ಏನೂ ಆಗಿಲ್ವಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
10:41

ನಾಳೆ ಬೆಳಗ್ಗೆ ಹೊಟ್ಟೆನೋವು ಬರೋ ವಿಷಯ ಅಲ್ಲ ಇದು. ಮನೇಲಿ ಮಕ್ಕಳಿದ್ದಾರಾ?

ಮದ್ದೂರ್_ಹೈದ
10:44

ಎರಡು. ಸರಿ ಬುಡಿ ಸಾ, ಬದ್ಲಾಯಿಸ್ತೀನಿ. ನಮ್ಮವ್ವಂದು ಹಳೇ ತಗಡಿನ ಡ್ರಮ್ಮು ಐತೆ.

ಒಂಟಿಕೊಪ್ಪಲು_ಅಜ್ಜಿ
11:05

ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ, ಹೇಳ್ತಿರೋದು ನಾನು.

ನಮ್ಮ ಕಾಲದಲ್ಲಿ ಕರಟ ಎಸೆದದ್ದು ನನಗೆ ನೆನಪೇ ಇಲ್ಲ. ಬಚ್ಚಲ ಹಂಡೆ ಒಲೆಗೆ ಕರಟ. ಉರಿದ ಮೇಲೆ ಬೂದಿ ಜರಡಿ ಹಿಡಿದು ಪಾತ್ರೆಗೆ. ಪಾತ್ರೆ ಉಜ್ಜೋಕೆ ತೆಂಗಿನ ನಾರು. ಹುಳಿ ಹಿಂಡಿದ ಹುಣಸೆ ಚರಟ ಒಂದು ಚಿಪ್ಪಿನಲ್ಲಿ ಕೂಡಿಟ್ಟು ಶುಕ್ರವಾರ ಹಿತ್ತಾಳೆ ದೀಪ, ತಾಮ್ರದ ಚೊಂಬು ಬೆಳಗೋದು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ, ಅದು ಪಕ್ಕದ ಮನೆ ಹಸುವಿಗೆ. ಹಸು ಕರು ಹಾಕಿದಾಗ ಅವರು ಗಿಣ್ಣು ಹಾಲು ಕೊಡೋರು. ಅನ್ನ ಬಸಿದ ಗಂಜಿ ಯಜಮಾನರ ಪಂಚೆಗೆ. ಹೀರೇಕಾಯಿ ಬಲಿತು ಒಣಗಿದ್ರೆ ಬೀಜ ಮುಂದಿನ ವರ್ಷಕ್ಕೆ, ನಾರು ಬೆನ್ನು ಉಜ್ಜೋಕೆ.

ಈಗ ನೀವು ನಾರಿಗೂ ದುಡ್ಡು ಕೊಟ್ಟು ತರ್ತೀರಿ, ಕರಟದಲ್ಲಿ ಮಾಡಿದ ಬಟ್ಟಲಿಗೂ ದುಡ್ಡು ಕೊಡ್ತೀರಿ. ಮನೆಯಲ್ಲಿ ಕಾಯಿ ಒಡೆಯೋದು ಮಾತ್ರ ನಿಂತಿಲ್ಲ. ಮೊದಲು ಮನೆಯ ನಾರು ಬಳಸಿ.

ಸರಸ್ವತೀಪುರಂ_ಪಿಜಿ
11:13

ಬೂದಿ ಹಾಕಿದ್ರೆ ಜಿಡ್ಡು ಹೋಗುತ್ತಾ ಅಜ್ಜಿ? ಮಣ್ಣು ಹಾಕಿ ಉಜ್ಜಿದ ಹಾಗೆ ಅಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು
11:19

ಖಂಡಿತ ಹೋಗುತ್ತೆ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತೆ, ಅದು ಕ್ಷಾರ. ಎಣ್ಣೆ ಜೊತೆ ಸೇರಿ ಅಲ್ಲೇ ಒಂದಿಷ್ಟು ಸೋಪಿನಂಥದ್ದು ಆಗುತ್ತೆ. ಹುಣಸೆ ಚರಟದಲ್ಲಿ ಟಾರ್ಟಾರಿಕ್ ಆಮ್ಲ, ಅದು ತಾಮ್ರ ಹಿತ್ತಾಳೆ ಮೇಲಿನ ಕಪ್ಪು ಪದರ ಕರಗಿಸುತ್ತೆ. ಅಜ್ಜಿ ಕ್ಷಾರ ಎಲ್ಲಿ, ಆಮ್ಲ ಎಲ್ಲಿ ಅಂತ ಸರಿಯಾಗಿ ಬೇರೆ ಮಾಡಿ ಹೇಳಿದ್ದಾರೆ. ಒಂದೇ ಎಚ್ಚರಿಕೆ, ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಬೇಡ, ಕ್ಷಾರ ಅದನ್ನ ಕೊರೆಯುತ್ತೆ.

ಹೊಲಿಗೆ_ಅಕ್ಕ_ಮಂಡ್ಯ
11:40

ರವಿಕೆ ಕಣ ಎರಡು ಸೂಟ್‌ಕೇಸ್! ನಾನು 19 ವರ್ಷದಿಂದ ಟೈಲರಿಂಗ್ ಮಾಡ್ತಿದ್ದೀನಿ, ಪ್ರತಿ ಮನೆಯಲ್ಲೂ ಇದೇ ಕಥೆ. ಕೈಯಲ್ಲಿ ಹಿಡಿದು ಎರಡು ಗುಡ್ಡೆ ಮಾಡಿ. ನೀರು ಚಿಮುಕಿಸಿದ್ರೆ ಹೀರಿಕೊಂಡಿದ್ದು ಹತ್ತಿ ಗುಡ್ಡೆಗೆ. ನೀರು ಮುತ್ತಿನ ಥರ ನಿಂತಿದ್ದು ಪಾಲಿಸ್ಟರ್ ಗುಡ್ಡೆಗೆ.

ಹತ್ತಿ ಕಣ 80 ಸೆಂಟಿಮೀಟರ್ ಉದ್ದ, 90 ಅಗಲ ಇದ್ರೆ ಅಗಲದಲ್ಲಿ 30ರ ಮೂರು ಪಟ್ಟಿ ಮಾಡಿ. ಒಂದೊಂದನ್ನ ಅರ್ಧಕ್ಕೆ ಮಡಿಸಿ ಎರಡು ಪಕ್ಕ ಹೊಲಿದ್ರೆ ಮೂರು ತರಕಾರಿ ಚೀಲ. ಸೊಪ್ಪನ್ನ ಒದ್ದೆ ಮಾಡಿ ಹಿಂಡಿದ ಚೀಲದಲ್ಲಿ ಸುತ್ತಿ ಫ್ರಿಡ್ಜಲ್ಲಿಟ್ರೆ ಪ್ಲಾಸ್ಟಿಕ್ ಕವರಲ್ಲಿ ಕೊಳೆಯೋ ಹಾಗೆ ಕೊಳೆಯಲ್ಲ. ನಮ್ಮನೇಲಿ ಕೊತ್ತಂಬರಿ ಎಸೆಯೋದೇ ನಿಂತು ಹೋಯ್ತು. ಉಳಿತಾಯ ಇರೋದು ಚೀಲದಲ್ಲಿ ಅಲ್ಲ, ಎಸೆಯದೇ ಉಳಿದ ಸೊಪ್ಪಲ್ಲಿ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗುವಾಗ್ಲೂ ಇದೇ ಚೀಲ ತಗೊಂಡು ಹೋಗಿ. ಪ್ಲಾಸ್ಟಿಕ್ ಕವರ್ 2016ರಲ್ಲೇ ನಮ್ಮ ರಾಜ್ಯದಲ್ಲಿ ಬ್ಯಾನ್ ಆಗಿದೆ, ಬಟ್ಟೆ ಚೀಲಕ್ಕೆ ಅಂಗಡಿಯವರು ಬೇರೆ ದುಡ್ಡು ತಗೋತಾರೆ.

ಪಾಲಿಸ್ಟರ್ ಕಣದಲ್ಲಿ ಒರೆಸೋ ಬಟ್ಟೆ ಮಾಡಬೇಡಿ, ನೀರು ತಳ್ಳಿಕೊಂಡು ಹೋಗುತ್ತೆ ಅಷ್ಟೆ. ಮಿಕ್ಸಿ, ಗ್ರೈಂಡರ್, ಹೊಲಿಗೆ ಮೆಷಿನ್‌ಗೆ ಧೂಳು ಮುಚ್ಚಳಕ್ಕೆ ಅದೇ ಒಳ್ಳೇದು.

ಅಗ್ರಹಾರದ_ಮಗಳು
11:52

ಅಕ್ಕಾ, ಹೊಲಿಗೆ ಮೆಷಿನ್‌ಗೆ ಎಣ್ಣೆ ಖಾಲಿಯಾದಾಗ ಕೊಬ್ಬರಿ ಎಣ್ಣೆ ಬಿಡಬಹುದಾ? ನಮ್ಮತ್ತೆ ಬಿಡ್ತಾರೆ.

ಹೊಲಿಗೆ_ಅಕ್ಕ_ಮಂಡ್ಯ
11:55

ಅಯ್ಯೋ ಬೇಡಮ್ಮಾ! ಡಿಸೆಂಬರ್‌ನಲ್ಲಿ ಬೆಳಗ್ಗೆ ಬಾಟ್ಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಲ್ವಾ? ಮೆಷಿನ್ ಒಳಗೂ ಹಾಗೇ ಆಗುತ್ತೆ. ಅಡುಗೆ ಎಣ್ಣೆ ಬಿಟ್ರೆ ಇನ್ನೂ ಕಷ್ಟ, ದಿನ ಕಳೆದ ಹಾಗೆ ಅಂಟಾಗಿ ಧೂಳು ಹಿಡಿಯುತ್ತೆ. ಮೆಷಿನ್ ಎಣ್ಣೆ ಒಂದು ಸಣ್ಣ ಬಾಟ್ಲಿ ವರ್ಷ ಬರುತ್ತೆ. ಅಲ್ಲಿ ಉಳಿಸೋಕೆ ಹೋಗಿ ಮೆಕ್ಯಾನಿಕ್‌ಗೆ 500 ಕೊಡಬೇಡಿ.

ಸರಸ್ವತೀಪುರಂ_ಪಿಜಿ
12:10

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಿಂಗಳಿಗೆ 270 ರೂಪಾಯಿ ಉಳಿಸೋಕೆ ಬಟ್ಟೆ ಕತ್ತರಿಸೋದು, ಒಗೆಯೋದು, ಒಣಗಿಸೋದು, ಪೇಪರ್ ಮಡಿಸೋದು. ಕನಿಷ್ಠ ಐದು ಗಂಟೆ ಕೆಲಸ. ಗಂಟೆಗೆ 60 ರೂಪಾಯಿನೂ ಬೀಳಲ್ಲ. ಸಮಯಕ್ಕೆ ಬೆಲೆ ಇಲ್ವಾ? ಅದರ ಬದಲು ಒಂದು ಓಟಿಟಿ ಚಂದಾ ನಿಲ್ಲಿಸಿದ್ರೆ ಒಂದೇ ನಿಮಿಷದಲ್ಲಿ ಅಷ್ಟು ಉಳಿಯುತ್ತೆ.

ಕುವೆಂಪುನಗರ_ಗೃಹಿಣಿ
12:24

ಬೇಜಾರಿಲ್ಲ, ಸರಿಯಾದ ಪ್ರಶ್ನೆ. ಆದ್ರೆ ಆ ಒರೆಸೋ ಬಟ್ಟೆ ಹೇಗೂ ಒಗೆಯೋ ಬಟ್ಟೆ ಜೊತೆ ಮೆಷಿನ್‌ಗೆ ಹೋಗುತ್ತೆ. ಪೇಪರ್ ಮಡಿಸೋದು ಮಗಳು, ಟಿವಿ ನೋಡ್ತಾ. ನನ್ನ ಆ ಐದು ಗಂಟೆಗೆ ಹೊರಗಡೆ ಯಾರೂ 60 ರೂಪಾಯಿ ಕೊಡಲ್ಲಪ್ಪ, ಕೊಡೋರಿದ್ರೆ ಹೇಳಿ, ನಾಳೆನೇ ಬರ್ತೀನಿ. ನನ್ನ ಕೈಗೆ ಸಂಬಳ ಬರಲ್ಲ. ಮನೆ ಖರ್ಚಿನಲ್ಲಿ ನಾನು ಉಳಿಸಿದ 270 ಮಾತ್ರ ನನ್ನದು ಅಂತ ಹೇಳ್ಕೊಳ್ಳೋ ದುಡ್ಡು. ಅದನ್ನ ಮಗಳ ಅಂಚೆ ಆರ್‌ಡಿಗೆ ಹಾಕ್ತಿದ್ದೀನಿ.

ಒಂಟಿಕೊಪ್ಪಲು_ಅಜ್ಜಿ
12:30

ಸರಿಯಾಗಿ ಹೇಳಿದೆ ಮಗು.

ಸರಸ್ವತೀಪುರಂ_ಪಿಜಿ
12:33

ಒಪ್ಪಿದೆ. ನಾನು ನನ್ನ ರೂಮಿನ ಲೆಕ್ಕದಲ್ಲಿ ಯೋಚಿಸಿದ್ದೆ, ನಿಮ್ಮದು ಯೋಚಿಸಲಿಲ್ಲ. ಕ್ಷಮಿಸಿ.

ಪಾಂಡವಪುರ_ರೈತ
13:02

ಈ ನೆಲ ಒರೆಸೋ ಫಿನಾಯಿಲ್, ಲಿಕ್ವಿಡ್ಡಿಗೆ ತಿಂಗ್ಳಿಗೆ ಎಷ್ಟು ಕೊಡ್ತೀರಿ ಅಕ್ಕೋರೆ? ಅದನ್ನ ಯಾಕೆ ಯಾರೂ ಕೇಳ್ತಿಲ್ಲ?

ನಮ್ಮನೇಲಿ ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ ಎಸೆಯಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಅಂದ್ರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಮೇಲೆ ಜಾಗ ಬಿಡಿ. ಮೂರು ತಿಂಗಳು ನೆರಳಲ್ಲಿರಲಿ. ಮೊದಲ ತಿಂಗಳು ದಿನಾ ಒಂದ್ಸಲ ಮುಚ್ಚಳ ಸಡಿಲ ಮಾಡಿ ಗಾಳಿ ಬುಡಬೇಕು, ಮರೆತ್ರೆ ಬಾಟ್ಲಿ ಉಬ್ಬಿ ಸಿಡೀತದೆ. ಗಾಜಿನ ಬಾಟ್ಲಿಗಂತೂ ಹಾಕ್ಲೇಬೇಡಿ. ಆಮೇಲೆ ಸೋಸಿ, ಒಂದು ಬಕೆಟ್ ನೀರಿಗೆ 30 ಎಂಎಲ್. ಒಂದು ಲೀಟರು ಒಂದು ತಿಂಗಳಿಗೆ ಜಾಸ್ತಿನೇ ಬರ್ತದೆ.

ಬೆಲ್ಲ ಚೆನ್ನಾಗಿರೋದೇ ಬೇಕು ಅಂತಿಲ್ಲ. ಮಳೆಗಾಲದಲ್ಲಿ ನೀರೊಡೆದ ಅಚ್ಚು ಆಲೆಮನೇಲಿ ಕಮ್ಮಿಗೆ ಕೊಡ್ತಾರೆ. ಆಲೆಮನೇಲಿ ಯಾವುದೂ ದಂಡ ಆಗಲ್ಲ ನೋಡಿ. ಕಬ್ಬು ಹಿಂಡಿದ ಸಿಪ್ಪೆ ಒಣಗಿಸಿ ಅದೇ ಕೊಪ್ಪರಿಗೆ ಒಲೆಗೆ ಹಾಕ್ತೀವಿ. ತರಗು ಗದ್ದೆಗೇ ಹೊದಿಸ್ತೀವಿ, ಕೆಲವರು ಬೆಂಕಿ ಇಡ್ತಾರೆ, ಅದು ತಪ್ಪು.

ಅಗ್ರಹಾರದ_ಮಗಳು
13:15

ಇದನ್ನ ನಾನು ಮಾಡಿ ನೋಡಿದೆ. ನೆಲ ಚೆನ್ನಾಗಾಯ್ತು, ಆದ್ರೆ ಅಡುಗೆಮನೆ ಕಡಪ ಕಲ್ಲು ಒಂದು ತಿಂಗಳಿಗೇ ಮಂಕಾಯ್ತು. ಯಾಕೆ?

ಕೆಮಿಸ್ಟ್ರಿ_ಮೇಷ್ಟ್ರು
13:28

ಕಡಪ ಅಂದ್ರೆ ಕಪ್ಪು ಸುಣ್ಣಕಲ್ಲು. ನಿಮ್ಮ ಬಾಟ್ಲಿಯಲ್ಲಿರೋದು ಹುಳಿ, ಆಮ್ಲ. ಸುಣ್ಣಕಲ್ಲು, ಅಮೃತಶಿಲೆ ಎರಡನ್ನೂ ಆಮ್ಲ ತಿನ್ನುತ್ತೆ. ನಿಮ್ಮ ಅಗ್ರಹಾರದ ಹಳೇ ಮನೆಗಳ ಕೆಂಪು ಗಾರೆ ನೆಲಕ್ಕೂ ಇದು ಬೇಡ, ಸಿಮೆಂಟಿನ ಹೊಳಪು ಹೋಗುತ್ತೆ. ಸೆರಾಮಿಕ್, ವಿಟ್ರಿಫೈಡ್ ಟೈಲ್ಸ್, ಬಚ್ಚಲು, ಸಿಂಕ್‌ಗೆ ಬಳಸಿ.

ಇನ್ನೊಂದು ವಿಷಯ ಬಹಳ ಮುಖ್ಯ. ಹುಳಿ ದ್ರವದ ಜೊತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಚ್ಚಲಲ್ಲಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದವರಿದ್ದಾರೆ. ಟಾಯ್ಲೆಟ್ ತೊಳೆಯೋ ಆಸಿಡ್ಡಿಗೂ ಇದೇ ಮಾತು. ಅಡುಗೆ ಸೋಡಾ ಜೊತೆ ವಿನೆಗರ್ ಸೇರಿಸಿದ್ರೆ ಅಪಾಯ ಇಲ್ಲ, ಆದ್ರೆ ನೊರೆ ಬಂದು ಎರಡೂ ಸತ್ತು ಹೋಗುತ್ತೆ. ಬೇರೆ ಬೇರೆ ಬಳಸಿದ್ರೇ ಕೆಲಸ ಮಾಡೋದು.

ಹೂಟಗಳ್ಳಿ_ಫಿಟ್ಟರ್
14:05

ನಮ್ಮ ಮನೇಲಿ ಎಸಿ ನೀರು ಬಕೆಟ್ಟಿಗೆ ಹಿಡಿದು ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಿ. ಡಿಸ್ಟಿಲ್ಡ್ ವಾಟರ್ ದುಡ್ಡು ಉಳೀತು. ಅದೂ ಆವಿಯಿಂದ ಆದ ನೀರೇ ತಾನೆ.

ಬ್ಯಾಟರಿ_ಅಣ್ಣ
14:17

ಬೇಡ ಅಣ್ಣ. ಆವಿಯಿಂದ ಆದ ನೀರು ಹೌದು, ಆದ್ರೆ ಅದು ಇಳಿಯೋದು ತಾಮ್ರ ಅಲ್ಯೂಮಿನಿಯಂ ಕಾಯಿಲ್ ಮೇಲೆ. ಅಲ್ಲಿರೋ ಧೂಳು, ಲೋಹದ ಅಂಶ, ಪಾಚಿ ಎಲ್ಲ ತೊಳೆದುಕೊಂಡು ಬರುತ್ತೆ. ಬ್ಯಾಟರಿ ಪ್ಲೇಟಿಗೆ ಅಷ್ಟು ಸಾಕು. ನನ್ನ ಅಂಗಡಿಗೆ ಹೀಗೆ ಬಂದ ಬ್ಯಾಟರಿ ಎಷ್ಟೋ ನೋಡಿದೀನಿ. ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ತಂದ್ರೆ ಎಷ್ಟೋ ತಿಂಗಳು ಬರುತ್ತೆ, ಹೊಸ ಬ್ಯಾಟರಿಗೆ ಸಾವಿರಾರು ಬೇಕು. ಎಸಿ ನೀರಲ್ಲಿ ಕಿಟಕಿ ಗಾಜು ಒರೆಸಿ, ಬಿಳಿ ಕಲೆ ಉಳಿಯಲ್ಲ.

ಹೂಟಗಳ್ಳಿ_ಫಿಟ್ಟರ್
14:22

ಎರಡು ವರ್ಷ ಆಯ್ತು, ಬ್ಯಾಟರಿ ಚೆನ್ನಾಗೇ ಇದೆ. ಕುಡಿಯೋ ನೀರಿಗಿಂತ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪು ಖನಿಜ, ಕಮ್ಮಿ, ಮೀಟರ್ ಇಟ್ಟು ನೋಡಿದೀನಿ.

ಬ್ಯಾಟರಿ_ಅಣ್ಣ
14:25

ನಲ್ಲಿ ನೀರಿಗಿಂತ ಕಮ್ಮಿ ಇರುತ್ತೆ, ಇಲ್ಲ ಅನ್ನಲ್ಲ. ಬ್ಯಾಟರಿಗೆ ಬೇಕಾದಷ್ಟು ಕಮ್ಮಿ ಇರಲ್ಲ. ಮೀಟರ್ ನಂಬರ್ ಎಷ್ಟು ಬಂತು ಹೇಳಿ?

ಹೂಟಗಳ್ಳಿ_ಫಿಟ್ಟರ್
14:40

28.

ಬ್ಯಾಟರಿ_ಅಣ್ಣ
14:42

ಡಿಸ್ಟಿಲ್ಡ್ ವಾಟರಲ್ಲಿ ಇಟ್ಟು ನೋಡಿ, ಸೊನ್ನೆ ಹತ್ತಿರ ಬರುತ್ತೆ. ಬ್ಯಾಟರಿಯಲ್ಲಿ ನೀರು ಆವಿಯಾಗಿ ಹೋಗುತ್ತೆ, ಆ 28 ಒಳಗೇ ಉಳಿಯುತ್ತೆ, ನೀವು ಮತ್ತೆ ತುಂಬ್ತೀರಿ, ಮತ್ತೆ ಉಳಿಯುತ್ತೆ.

ಗಂಜಾಂ_ಆಶಾ
15:10

ನಾನು ಶ್ರೀರಂಗಪಟ್ಟಣ ಕಡೆ ಆಶಾ ಕಾರ್ಯಕರ್ತೆ. ನೀರಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಹಳೇ ಟೈರಲ್ಲಿ ಗಿಡ, ಡಬ್ಬದಲ್ಲಿ ಗಿಡ, ಕರಟ ಕೂಡಿಡೋದು ಎಲ್ಲ ಒಳ್ಳೇದೇ. ಆದ್ರೆ ಡೆಂಗಿ ಲಾರ್ವಾ ಸರ್ವೆಗೆ ಹೋದಾಗ ನಮಗೆ ಜಾಸ್ತಿ ಸಿಗೋದು ಇಂಥ ಕಡೆನೇ. ಹಿತ್ತಲಲ್ಲಿ ಕರಟ ಬಾಯಿ ಮೇಲೆ ಮಾಡಿ ಬಿದ್ದಿದ್ರೆ ಅಂಗೈಯಷ್ಟು ನೀರು ಸಾಕು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರೋ ತನಕ ಏಳರಿಂದ ಹತ್ತು ದಿನ. ಮೊಟ್ಟೆ ಡಬ್ಬದ ಗೋಡೆಗೆ ಅಂಟಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ಮಳೆ ಬಂದಾಗ ಒಡೆಯುತ್ತೆ. ಹಾಗಾಗಿ ನೀರು ಚೆಲ್ಲಿದ್ರೆ ಸಾಲದು, ವಾರಕ್ಕೊಂದ್ಸಲ ನಾರಲ್ಲಿ ಉಜ್ಜಿ ತೊಳೀಬೇಕು. ಟೈರಿಗೆ ಕೆಳಗೆ ತೂತು ಮಾಡಿ, ಇಲ್ಲಾ ಪೂರ್ತಿ ಮಣ್ಣು ತುಂಬಿ. ಕರಟ ಬೋರಲು ಹಾಕಿ.

ಒಂದು ಮನೇಲಿ ಗಿಡದ ಡಬ್ಬ 40 ಇತ್ತು, ತಳದ ತಟ್ಟೆಯಲ್ಲೆಲ್ಲ ನೀರು. ಮಗು ಆಸ್ಪತ್ರೇಲಿತ್ತು. ಅದನ್ನ ಮರೆಯೋಕಾಗಲ್ಲ.

ಕುವೆಂಪುನಗರ_ಗೃಹಿಣಿ
15:18

ಇದು ಓದಿ ಈಗ ಮೇಲೆ ಟೆರೇಸಿಗೆ ಹೋಗಿ ಬಂದೆ. ಒಂದು ಐಸ್‌ಕ್ರೀಂ ಡಬ್ಬದಲ್ಲಿ ಹುಳು ಆಡ್ತಿತ್ತು. ಉಜ್ಜಿ ಬೋರಲು ಹಾಕಿದೆ. ಥ್ಯಾಂಕ್ಸ್.

ನಂಜುಮಳಿಗೆ_ಸೊಸೆ
15:50

ಸೋಲಾರ್ ಇರೋರು ಒಂದು ಮಾಡಿ. ಬಿಸಿನೀರು ಬರೋ ತನಕ ಪೈಪಲ್ಲಿರೋ ತಣ್ಣೀರು ಮುಕ್ಕಾಲು ಬಕೆಟ್ ಸುಮ್ನೆ ಹರಿಯುತ್ತೆ. ನಮ್ಮ ಮನೇಲಿ ನಾಲ್ಕು ಜನ. ಆ ನೀರು ಹಿಡಿದು ಬಟ್ಟೆ ನೆನೆಸ್ತೀನಿ. 2023ರ ಬರದಲ್ಲಿ ಟ್ಯಾಂಕರ್ ತರಿಸೋ ಹೊತ್ತಿಗೆ ಇದರ ಬೆಲೆ ಗೊತ್ತಾಯ್ತು, ಆಗಿಂದ ಬಿಟ್ಟಿಲ್ಲ. ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರೂ ಅಷ್ಟೇ, ಒಂದು ಲೀಟರ್ ಕುಡಿಯೋಕೆ ಮೂರು ಲೀಟರ್ ಹೋಗುತ್ತೆ. ನೆಲಕ್ಕೆ, ಟಾಯ್ಲೆಟ್ಟಿಗೆ. ಕುಂಡದ ಗಿಡಕ್ಕೆ ದಿನಾ ಹಾಕಬೇಡಿ, ಮಣ್ಣಲ್ಲಿ ಉಪ್ಪು ಕೂಡುತ್ತೆ.

ಮದ್ದೂರ್_ಹೈದ
16:02

ಹಾಲಿನ ಕವರ್ ಯಾರೂ ಹೇಳ್ಲಿಲ್ಲ. ದಿನಾ ಎರಡು ನಂದಿನಿ ಪ್ಯಾಕೆಟ್ಟು ಅಂದ್ರೆ ತಿಂಗಳಿಗೆ 60 ಕವರು. ತೊಳೆದು, ತಳಕ್ಕೆ ನಾಕು ತೂತು ಹೊಡೆದು, ಮಣ್ಣು ಗೊಬ್ಬರ ತುಂಬಿ ನುಗ್ಗೆ, ಪಪ್ಪಾಯ ಬೀಜ ಹಾಕಿ. ನರ್ಸರಿ ಕವರ್ ಕೊಳ್ಳೋದೇ ಬೇಡ. ನಾವು ಹೋದ್ಸಲ ಗದ್ದೆ ಬದೀಗೆ 35 ಪಪ್ಪಾಯ ಹಿಂಗೇ ಎಬ್ಬಿಸಿದ್ದು. ಮೂಲೆ ಕತ್ತರಿಸುವಾಗ ಆ ಚೂರು ಬೀಳಿಸಬೇಡಿ, ಅಂಟಿಕೊಂಡೇ ಇರಲಿ. ಬಿದ್ರೆ ಮೋರಿ ಸೇರ್ತದೆ, ಯಾರೂ ಆಯಲ್ಲ.

ಪಾಂಡವಪುರ_ರೈತ
16:09

ಗೊಬ್ಬರದ ಚೀಲ ಬಿಚ್ಚಿ ಹೊಲಿದು ಪಟ ಮಾಡಿದ್ರೆ ರಾಗಿ ಒಣಗಿಸಕೆ ಆಯ್ತದೆ. ಮೂಲೆ ಒಳಕ್ಕೆ ತಳ್ಳಿದ್ರೆ ಮಳೆಗೆ ಕೊಪ್ಪೆ. ಆದ್ರೆ ಔಷಧಿ ಹಚ್ಚಿದ ಬಿತ್ತನೆ ಬೀಜದ ಚೀಲಕ್ಕೆ ತಿನ್ನೋ ಕಾಳು ತುಂಬಬ್ಯಾಡಿ.

ಅಗ್ರಹಾರದ_ಮಗಳು
16:30

ನನ್ನ ಒಂದು ನೋವಿನ ಕಥೆ. ನಮ್ಮಮ್ಮನ ಮೈಸೂರು ರೇಷ್ಮೆ ಸೀರೆ, ಒಡಲು ಅಲ್ಲಲ್ಲಿ ಸೀಳಿತ್ತು, ಅಂಚು ಸೆರಗು ಹೊಸದರ ಥರ ಇತ್ತು. ಬೀದೀಲಿ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡೋನು ಬಂದ. ಎರಡು ಸೀರೆಗೆ ಒಂದು ಡಬರಿ ಮತ್ತು ಮುಚ್ಚಳ. ಕೊಟ್ಟುಬಿಟ್ಟೆ. ಅಮ್ಮ ಊರಿಂದ ಬಂದವರು ಏನೂ ಬೈಲಿಲ್ಲ, ಡಬರಿ ನೋಡಿ ಒಳಗೆ ಹೋದ್ರು. ಆಮೇಲೆ ಗೊತ್ತಾಯ್ತು, ಮೈಸೂರು ರೇಷ್ಮೆ ನೇಯೋ ಸರ್ಕಾರಿ ಸಂಸ್ಥೆ ಕೆ.ಎಸ್.ಐ.ಸಿ. ಸೀರೆಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತೆ ಅಂತ.

ಹೊಲಿಗೆ_ಅಕ್ಕ_ಮಂಡ್ಯ
16:41

ಅಯ್ಯೋ. ಇನ್ನು ಯಾರೂ ಹೀಗೆ ಕೊಡಬೇಡಿ. ಜರಿ ಮಾರಲೇಬೇಕು ಅಂದ್ರೆ ಜರಿ ತೂಕ ಹಾಕಿ ತಗೊಳ್ಳೋ ಅಂಗಡಿಗಳಿವೆ, ಎರಡು ಮೂರು ಕಡೆ ಕೇಳಿ. ನನ್ನ ಕೇಳಿದ್ರೆ ಮಾರಬೇಡಿ. ಒಡಲು ಸೀಳಿದ್ರೂ ಸೆರಗಿನ ಕಡೆ ಒಂದೂವರೆ ಮೀಟರ್ ಗಟ್ಟಿ ಇರುತ್ತೆ. ಚಿಕ್ಕ ಹುಡುಗಿಗೆ ಲಂಗ ರವಿಕೆ ಆಗುತ್ತೆ, ಒಳಗೆ ಹತ್ತಿ ಬಟ್ಟೆ ಅಸ್ತರ್ ಕೊಟ್ಟು ಹೊಲೀಬೇಕು, ಇಲ್ಲಾಂದ್ರೆ ಹೊಲಿಗೆ ಹತ್ರನೇ ಸೀಳುತ್ತೆ. ಕೆಳಗೆ ನಾಲ್ಕು ಇಂಚು ಮಡಿಸಿ ಬಿಡಿ, ಮೂರು ದಸರಾ ಬರುತ್ತೆ.

ಅಗ್ರಹಾರದ_ಮಗಳು
16:44

ಅಮ್ಮಂದು ಇನ್ನೊಂದಿದೆ. ಮಗಳಿಗೆ ಹೊಲಿಸ್ತೀನಿ. ಮಂಡ್ಯದಲ್ಲಿ ಎಲ್ಲಿ ಅಕ್ಕ ನೀವು?

ಹೊಲಿಗೆ_ಅಕ್ಕ_ಮಂಡ್ಯ
16:46

ಮೆಸೇಜ್ ಮಾಡ್ತೀನಿ.

ವಿಜಯನಗರ_ತಿಂಡಿಪ್ರಿಯ
17:20

ಬಜ್ಜಿ ಕರಿದ ಎಣ್ಣೆ ಎಷ್ಟು ಸಲ ಬಳಸಬಹುದು? ನಾವು ಸೋಸಿ ಡಬ್ಬದಲ್ಲಿಟ್ಟು ಮತ್ತೆ ಹೊಸ ಎಣ್ಣೆ ಸೇರಿಸಿ ಕರೀತೀವಿ. ಎಣ್ಣೆ ಬೆಲೆ ಕೇಳಿದ್ರೆ ಎಸೆಯೋಕೆ ಮನಸ್ಸು ಬರಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
17:34

ಮತ್ತೆ ಕರಿಯಬೇಡಿ. ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಹಳೇದಕ್ಕೆ ಹೊಸದು ಸೇರಿಸಿದ್ರೆ ಹೊಸದೂ ಬೇಗ ಕೆಡುತ್ತೆ. ಹೋಟೆಲ್‌ನವರಿಗೇ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದ್ರೆ ಎಣ್ಣೆ ಕಾದು ಕೆಟ್ಟಾಗ ಹುಟ್ಟೋ ಅಂಶ, 25% ದಾಟಿದ ಎಣ್ಣೆ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಇದೆ. ಮನೇಲಿ ಅಳೆಯೋ ಸಾಧನ ಇಲ್ಲ, ಹಾಗಾಗಿ ಕಪ್ಪಾಗಿದ್ರೆ, ಬೇಗ ಹೊಗೆ ಬಂದ್ರೆ, ನೊರೆ ನಿಂತ್ರೆ ಬಿಡಿ. ಉಳಿಸಬೇಕು ಅಂದ್ರೆ ಸಣ್ಣ ಬಾಣಲೆಯಲ್ಲಿ ಕಮ್ಮಿ ಎಣ್ಣೆ ಇಟ್ಟು ನಾಲ್ಕು ನಾಲ್ಕೇ ಕರೀರಿ. ಬಜ್ಜಿಯನ್ನ ನ್ಯೂಸ್‌ಪೇಪರ್ ಮೇಲೂ ಹಾಕಬೇಡಿ, ಶಾಯಿ ಎಣ್ಣೆಗೆ ಇಳಿಯುತ್ತೆ. ಬಾಳೆಲೆ ಚೂರೋ ಜಾಲರಿಯೋ ಸಾಕು.

ಒಂಟಿಕೊಪ್ಪಲು_ಅಜ್ಜಿ
17:50

ಹೀರೇಕಾಯಿ ಬಜ್ಜಿ ಮಾಡಿದ್ರೆ ಸಿಪ್ಪೆ ಎಸೀಬೇಡಿ. ಸಿಪ್ಪೆ ಎಣ್ಣೆಯಲ್ಲಿ ಬಾಡಿಸಿ, ಕಡಲೆಬೇಳೆ, ಒಣಮೆಣಸು, ಒಂದು ಚೂರು ಹುಣಸೆ, ಕಾಯಿ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನಕ್ಕೆ ತುಪ್ಪದ ಜೊತೆ. ಕಲ್ಲಂಗಡಿ ಒಳಗಿನ ಬಿಳಿ ಭಾಗ ಅಕ್ಕಿ ಜೊತೆ ರುಬ್ಬಿದ್ರೆ ದೋಸೆ ಹತ್ತಿಯ ಹಾಗೆ ಬರುತ್ತೆ. ಒಂದು ಹೊತ್ತಿನ ತಿಂಡಿ ಅದು, ಡೈರಿಗೆ ಬರೆಯಮ್ಮ.

ವಿಜಯನಗರ_ತಿಂಡಿಪ್ರಿಯ
17:53

ಕಲ್ಲಂಗಡಿ ದೋಸೆಗೆ ಅಳತೆ ಹೇಳಿ ಅಜ್ಜಿ.

ಒಂಟಿಕೊಪ್ಪಲು_ಅಜ್ಜಿ
18:01

ಎರಡು ಲೋಟ ನೆನೆಸಿದ ಅಕ್ಕಿಗೆ ಹೆಚ್ಚಿದ ಬಿಳಿ ಭಾಗ ಎರಡು ಲೋಟ. ನೀರು ಹಾಕಬೇಡ, ಅದೇ ನೀರು ಬಿಡುತ್ತೆ.

ಸರಸ್ವತೀಪುರಂ_ಪಿಜಿ
19:15

ನನ್ನದೂ ಒಂದು ಸೇರಿಸ್ತೀನಿ. ರೂಮಲ್ಲಿ ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದಾಗ ಫ್ರೀಜರಲ್ಲಿ 10 ನಿಮಿಷ ಇಟ್ಟು ಹಾಕಿದ್ರೆ ಹಿಡಿದುಕೊಳ್ಳುತ್ತೆ. ಆರು ತಿಂಗಳಿಂದ ಹಾಗೇ ನಡೀತಿದೆ.

ನಂಜುಮಳಿಗೆ_ಸೊಸೆ
19:22

ಒಂದ್ಸಲ, ಎರಡ್ಸಲ ಸರಿ. ಆರು ತಿಂಗಳು ಬೇಡಪ್ಪ. ಹಬೆ ಪಕ್ಕದಿಂದ ಹೋಗ್ತಿದ್ರೆ ಬೇಳೆ ಬೇಯೋಕೆ ಜಾಸ್ತಿ ಗ್ಯಾಸ್ ಉರಿಯುತ್ತೆ. ಹೊಸದು ತಗೋ, ಹಳೇದನ್ನ ಎಸೀಬೇಡ. ತುಂಡು ಮಾಡಿ ಏಣಿ ಕಾಲಿಗೆ, ಸ್ಟೂಲ್ ಕಾಲಿಗೆ ಕಟ್ಟು, ಜಾರಲ್ಲ. ಸೇಫ್ಟಿ ವಾಲ್ವ್ ಮಾತ್ರ ಯಾವತ್ತೂ ರಿಪೇರಿ ಮಾಡೋಕೆ ಹೋಗಬೇಡ, ಹೊಸದೇ ಹಾಕಿಸು.

ಸರಸ್ವತೀಪುರಂ_ಪಿಜಿ
19:25

ನಾಳೆ ತರ್ತೀನಿ ಅಕ್ಕ.

ಕುವೆಂಪುನಗರ_ಗೃಹಿಣಿ
ಭಾನುವಾರ ಬೆಳಗ್ಗೆ 9:40

ರಾತ್ರಿ ಕೂತು ಎಲ್ಲಾ ಮತ್ತೆ ಓದಿ ಡೈರಿಗೆ ಬರೆದುಕೊಂಡೆ. ನೆಲದ ಲಿಕ್ವಿಡ್‌ಗೆ ನಾನು ತಿಂಗಳಿಗೆ 210 ಕೊಡ್ತಿದ್ದೀನಿ. 100 ಗ್ರಾಂ ಬೆಲ್ಲಕ್ಕೆ 6 ರೂಪಾಯಿ ಹಿಡಿದ್ರೂ 204 ಉಳಿಯುತ್ತೆ. ನಮ್ಮದು ವಿಟ್ರಿಫೈಡ್ ನೆಲ, ಅಡುಗೆ ಕಟ್ಟೆ ಗ್ರಾನೈಟ್, ಕಟ್ಟೆಗೆ ಹಾಕಲ್ಲ. ಇವತ್ತೇ ಒಂದು ಬಾಟ್ಲಿ ಹಾಕ್ತೀನಿ, ಮುಂದಿನ ತಿಂಗಳು ಇನ್ನೊಂದು, ಹಾಗೆ ತಿಂಗಳಿಗೊಂದು ಹಾಕ್ತಾ ಹೋದ್ರೆ ನಾಲ್ಕನೇ ತಿಂಗಳಿಂದ ಕೊಳ್ಳೋ ಹಾಗಿಲ್ಲ. ಆಗ 270 ಇದ್ದದ್ದು 474 ಆಗುತ್ತೆ. ಸೊಪ್ಪಿನ ಲೆಕ್ಕ ಇನ್ನೂ ಸೇರಿಸಿಲ್ಲ.

ಬಾಟ್ಲಿ ಎಂಟು ಇಟ್ಕೊಂಡು ಉಳಿದ 15, ಒಡೆದ ಡಬ್ಬಗಳು ಎಲ್ಲಾ ಒಣ ಕಸಕ್ಕೆ ಬೇರೆ ಕಟ್ಟಿಟ್ಟೆ. ಸೀವೇಜ್ ಫಾರಂ ಕಸದ ಗುಡ್ಡೆ ಸೇರೋದಕ್ಕಿಂತ ವಿಂಗಡಿಸೋರ ಕೈಗೆ ಹೋಗಲಿ. ಬಣ್ಣದ ಬಕೆಟ್ ಎರಡು ನೆಲಕ್ಕೆ, ಮೂರು ಕರಿಬೇವು, ದೊಡ್ಡಪತ್ರೆ, ನಿಂಬೆಗೆ. ಮೊರ 14 ಏನು ಮಾಡೋದು ಅಂತ ಇನ್ನೂ ಗೊತ್ತಾಗಿಲ್ಲ.

ಒಂಟಿಕೊಪ್ಪಲು_ಅಜ್ಜಿ
9:58

ಮೊರ ಹುಳ ಹಿಡಿಯದೆ ಚೆನ್ನಾಗಿದ್ರೆ ಗೊಂಬೆ ಪಡಿ ಹಿಂದೆ ಗೋಡೆಗೆ ನಿಲ್ಲಿಸು, ಅರಿಶಿನ ಬಣ್ಣ ಚೆಂದ ಕಾಣುತ್ತೆ. ಪಡಿಗೆ ಅಂತ ಸ್ಟ್ಯಾಂಡ್ ಕೊಂಡಿದ್ದೀಯಾ? ನಾವು ಕಬ್ಬಿಣದ ಟ್ರಂಕು, ಅದರ ಮೇಲೆ ಸೀಮೆಎಣ್ಣೆ ಡಬ್ಬ, ಅದರ ಮೇಲೆ ಮಕ್ಕಳ ಹಳೇ ಪುಸ್ತಕದ ಕಟ್ಟು, ಮೇಲೆ ಬಿಳೀ ಪಂಚೆ. ಒಂಬತ್ತು ಪಡಿ. ಪಟ್ಟದ ಗೊಂಬೆ ಮೇಲೆ ಕೂತ್ರೆ ಕೆಳಗೆ ಏನಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.

ಕುವೆಂಪುನಗರ_ಗೃಹಿಣಿ
10:03

ಸ್ಟ್ಯಾಂಡ್ ನೋಡಿಟ್ಟಿದ್ದೆ ಅಜ್ಜಿ, 3,200 ರೂಪಾಯಿ. ಆರ್ಡರ್ ಮಾಡಿಲ್ಲ. ಎರಡು ಸೂಟ್‌ಕೇಸ್ ಇದೆ, ಟ್ರಂಕ್ ಒಂದಿದೆ. ರವಿಕೆ ಕಣ ತೆಗೀದೇ ಹಾಗೇ ಇಟ್ರೆ ಸೂಟ್‌ಕೇಸ್ ಭಾರಕ್ಕೆ ಅಲ್ಲಾಡಲ್ಲ ಅಲ್ವಾ?

ಹೊಲಿಗೆ_ಅಕ್ಕ_ಮಂಡ್ಯ
10:05

ಹತ್ತಿ ಕಣ ಮೊದಲು ತೆಗೀರಿ! ಪಾಲಿಸ್ಟರ್ ಒಳಗೇ ಇರಲಿ.

ಅಗ್ರಹಾರದ_ಮಗಳು
10:11

ಅಕ್ಕಾ ಒಂದು ಸಣ್ಣ ಡೌಟು. ಹಳೇ ಟೂತ್‌ಬ್ರಷ್‌ನಲ್ಲಿ ಲಂಗಕ್ಕೆ ಲಾಡಿ ಪೋಣಿಸ್ತಾರಂತಲ್ಲ, ತೂತು ಹೇಗೆ ಮಾಡೋದು?

ಹೊಲಿಗೆ_ಅಕ್ಕ_ಮಂಡ್ಯ
10:16

ಬಿರುಸು ಇರೋ ತಲೆ ಭಾಗ ಮುರಿದು ಹಾಕಿ, ಮುರಿದ ಕಡೆ ಕಲ್ಲಿಗೆ ಉಜ್ಜಿ ನುಣುಪು ಮಾಡಿ. ಹಿಡಿಯ ತುದೀಲಿ, ಕಾದ ದಬ್ಬಳದಲ್ಲಿ ಚುಚ್ಚಿ. ಲಾಡಿ ಆ ತೂತಿಗೆ ಕಟ್ಟಿ, ನುಣುಪಾದ ಕಡೆ ಮುಂದೆ ಮಾಡಿ ತಳ್ಳಿ. ಕಿಟಕಿ ತೆಗೆದಿಟ್ಟು ಮಾಡಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತೆ.